ಏಳು ಪೆಟ್ಟಿನ ಉತ್ತರ

ಬಸ್ ನಿಲ್ದಾಣದ ಎದುರಿನ ಬೀದಿಯಲ್ಲಿ, ಔಷಧಿ ಅಂಗಡಿಗೂ ಟೈರ್ ರಿಪೇರಿಯವನ ಶೆಡ್ಡಿಗೂ ನಡುವೆ, ಕಾಡು ತೋರಿಸುವ ಕಂಪನಿಯ ಕಚೇರಿ ಇದೆ. ಮುಂದಿನ ಕೋಣೆಯಲ್ಲಿ ಗಾಜಿನ ಮೇಜು, ತಿರುಗುವ ಕುರ್ಚಿ, ಗೋಡೆಯ ತುಂಬ ಹಸಿರು ಫೋಟೋಗಳು. ಹಿಂದಿನ ಕೋಣೆಗೆ ಕಿಟಕಿಯಿಲ್ಲ. ಅಲ್ಲಿ ಅರವತ್ತೆರಡು ಜೊತೆ ರಬ್ಬರ್ ಬೂಟುಗಳನ್ನು ಗೋಡೆಗೆ ಹೊಡೆದ ಮರದ ಗೂಟಗಳಿಗೆ ತಲೆಕೆಳಗಾಗಿ ಸಿಕ್ಕಿಸಿದ್ದಾರೆ. ಪ್ರತಿ ಬೂಟಿನ ಹಿಮ್ಮಡಿಯ ಮೇಲೆ ಬಿಳಿ ಬಣ್ಣದಲ್ಲಿ ಅಳತೆಯ ನಂಬರು. ಅವುಗಳ ಕೆಸರು ತೊಳೆದು, ಒಳಗೆ ಹಳೆಯ ಪತ್ರಿಕೆ ತುರುಕಿ ಒಣಗಿಸಿ, ಕೊಡುವ ಮೊದಲು ಕೈಹಾಕಿ ಚೇಳು, ಜಿಗಣೆ ಇಲ್ಲವೆಂದು ನೋಡುವ ಮನುಷ್ಯನಿಗೆ ಈಗ ನಲವತ್ತಾರು ವರ್ಷ.

ಮುಂದಿನ ಕೋಣೆಯ ಫೋಟೋಗಳಲ್ಲಿ ಎಲ್ಲಕ್ಕಿಂತ ದೊಡ್ಡದರಲ್ಲಿರುವವನೂ ಅವನೇ. ಗೋಡೆಯಂತೆ ಎದ್ದು ನಿಂತ ಮರದ ಬೇರಿನ ಪಕ್ಕ ಕೋಲು ಎತ್ತಿ ನಗುತ್ತಿದ್ದಾನೆ. ಬೂಟು ಹಾಕಿಸಿಕೊಳ್ಳಲು ಬರುವವರಿಗೆ ಇಬ್ಬರೂ ಒಬ್ಬನೇ ಎಂದು ತಿಳಿಯುವುದಿಲ್ಲ. ಫೋಟೋದವನು ಏನನ್ನೋ ಹೇಳುತ್ತ ಹೇಳುತ್ತಲೇ ಕ್ಯಾಮೆರಾಕ್ಕೆ ಸಿಕ್ಕಿದ್ದಾನೆ. ಬೂಟಿನವನು ನಂಬರು ಕೇಳುತ್ತಾನೆ, ಬೂಟು ಕೊಡುತ್ತಾನೆ, ಅಷ್ಟೆ.

ಹುಟ್ಟಿದ ಹಾಡಿಯಲ್ಲಿ ಅವನ ಅಡ್ಡಹೆಸರು ವಟವಟ. ಮಾತು ಬಂದ ದಿನದಿಂದ ಬಾಯಿ ಮುಚ್ಚಿದವನಲ್ಲ ಎಂದು ಆ ಹೆಸರು. ಹಾಡಿಯೆಂದರೆ ಮೋಟಾರು ದೋಣಿ ಇಳಿದ ಮೇಲೂ ಕಾಡಿನಲ್ಲಿ ಅರ್ಧ ದಿನ ನಡೆದರೆ ಸಿಗುವ ಹತ್ತೊಂಬತ್ತು ಮನೆ. ತಾಯಿ ಜ್ವರದಲ್ಲಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿಮೂರು. ತಂದೆ ಅದಕ್ಕೂ ಮೊದಲೇ, ದಿಮ್ಮಿ ತೇಲಿಸುವವರ ಜೊತೆ ಹೋದವನು, ಹೊಳೆಯ ಪಾಲಾಗಿದ್ದ. ಅಕ್ಕ ರಾಳ ತೆಗೆದು ತಮ್ಮನನ್ನು ಸಾಕಿದಳು.

ರಾಳದ ಕೆಲಸ ಒಂಟಿ ಕೆಲಸ. ಒಬ್ಬೊಬ್ಬರಿಗೂ ತಮ್ಮ ತಮ್ಮ ಮರಗಳ ಸುತ್ತು ಇರುತ್ತದೆ. ತೊಗಟೆಗೆ ಗಾಯ ಮಾಡಿ, ಒಸರಿದ್ದು ಗಟ್ಟಿಯಾಗಲು ಬಿಟ್ಟು, ಮುಂದಿನ ಸುತ್ತಿಗೆ ಬಂದಾಗ ಕೆರೆದು ಬುಟ್ಟಿಗೆ ಹಾಕಬೇಕು. ಒಂದು ಸುತ್ತಿಗೆ ಎರಡು ದಿನ, ಕೆಲವೊಮ್ಮೆ ಮೂರು. ಆ ಕಾಡಿನಲ್ಲಿ ಕೂಗು ನೂರು ಹೆಜ್ಜೆ ಹೋಗುವುದಿಲ್ಲ, ಎಲೆಗಳೇ ನುಂಗಿಬಿಡುತ್ತವೆ. ಆದರೆ ದೊಡ್ಡ ಮರಗಳ ಬುಡದಲ್ಲಿ ಆಳೆತ್ತರಕ್ಕೆ ಎದ್ದು ನಿಲ್ಲುವ ಹಲಗೆಯಂಥ ಬೇರುಗಳಿರುತ್ತವೆ. ಕೊಡಲಿಯ ಹಿಂಬದಿಯಿಂದಲೋ ದಪ್ಪ ಕೋಲಿನಿಂದಲೋ ಅದನ್ನು ಬಡಿದರೆ ಸದ್ದು ಎರಡು ಗುಡ್ಡ ದಾಟುತ್ತದೆ.

ಹಾಡಿಯವರಿಗೆ ಆ ಸದ್ದೇ ಫೋನು, ಅದೇ ಟಾರ್ಚು. ಒಂದು ಪೆಟ್ಟು ಎಂದರೆ ಇಲ್ಲಿದ್ದೇನೆ. ಎರಡು ಎಂದರೆ ನೀನೆಲ್ಲಿದ್ದೀಯ? ಮೂರು ಪೆಟ್ಟು, ಒಂದು ಬಿಡುವು, ಮತ್ತೆ ಮೂರು ಎಂದರೆ ನಡೆಯಲಾರೆ, ಬನ್ನಿ. ಅದನ್ನು ಕೇಳಿಸಿಕೊಂಡವನು, ಯಾರೇ ಆಗಲಿ, ಉಸಿರಿಗೊಂದರಂತೆ ನಿಧಾನವಾಗಿ ಏಳು ಪೆಟ್ಟು ಬಡಿಯಬೇಕು: ಕೇಳಿಸಿತು, ಬರುತ್ತಿದ್ದೇವೆ, ಇದ್ದಲ್ಲೇ ಇರು. ಏಳು ಕೇಳಿಸಿದ ಮೇಲೆ ಬಿದ್ದವನು ಮತ್ತೆ ಬಡಿಯಬಾರದು, ಜಾಗವನ್ನೂ ಬಿಡಬಾರದು. ಮೊದಲ ಸದ್ದು ಬಂದ ದಿಕ್ಕು ಹಿಡಿದು ಹುಡುಕುವವರು ಹೊರಟಿರುತ್ತಾರೆ. ಮತ್ತೆ ಬಡಿದರೆ ಗುಡ್ಡದ ಮಾರ್ದನಿ ಅವರ ದಿಕ್ಕು ತಪ್ಪಿಸುತ್ತದೆ, ಜಾಗ ಬಿಟ್ಟರೆ ಸಿಗುವುದೇ ಇಲ್ಲ.

ಏಳು ವರ್ಷದವನಿದ್ದಾಗ ಅವನು ಒಮ್ಮೆ ದಾರಿ ತಪ್ಪಿದ್ದ. ಕಲಿತಿದ್ದಂತೆ ಮೂರು-ಮೂರು ಬಡಿದ. ಅಕ್ಕನ ಏಳು ಪೆಟ್ಟು ಸ್ಪಷ್ಟವಾಗಿ ಕೇಳಿಸಿತು. ಕಾಲ ಬಳಿ ಕೆಂಪಿರುವೆ ಸಾಲುಗಟ್ಟಿದ್ದರಿಂದ ಅವನು ಎದ್ದು ಸದ್ದಿನ ಕಡೆಗೆ ನಡೆದ. ಅಕ್ಕ ಅವನು ಬಡಿದ ಮರದ ಬುಡಕ್ಕೆ ಬಂದು ನೋಡಿದರೆ ಇಲ್ಲ. ಸಂಜೆಯ ಹೊತ್ತಿಗೆ ಅವನನ್ನು ಹಿಡಿದವಳೇ ಕೆನ್ನೆಗೆ ಎರಡು ಬಾರಿಸಿದಳು. ಆಮೇಲೆ ತಾನೇ ಅತ್ತಳು.

"ಇರುವೆ ಕಚ್ತಿತ್ತು ಅಕ್ಕಾ."

"ಕಚ್ಚಲಿ. ಏಳು ಕೇಳ್ಸಿದ್ಮೇಲೆ ಪ್ರಾಣ ಹೋದ್ರೂ ಜಾಗ ಬಿಡ್ಬಾರ್ದು ಕಣೋ. ಬರ್ತೀವಿ ಅಂದೋರು ಬಂದೇ ಬರ್ತಾರೆ."

ವಟವಟನ ನಾಲಿಗೆಗೆ ಮುಂದೆ ಬೆಲೆ ಬಂತು. ಪಟ್ಟಣದ ಶಾಲೆಯ ಹಾಸ್ಟೆಲಿನಲ್ಲಿ ಮೂರು ವರ್ಷ ಇದ್ದು ಓಡಿಬಂದವನು ಓದು ಬರಹದ ಜೊತೆ ಎರಡು ಭಾಷೆ ತಂದಿದ್ದ. ದೋಣಿಯವರಿಂದ ಮೂರನೆಯದು, ರಸ್ತೆ ಅಳೆಯಲು ಬಂದವರಿಂದ ನಾಲ್ಕನೆಯದು. ಕಂಪನಿಯವರು ಗೈಡ್ ಹುಡುಕಿಕೊಂಡು ಹಾಡಿಗೆ ಬಂದಾಗ ಅವನಿಗೆ ಇಪ್ಪತ್ತೆಂಟು. ಎಲ್ಲರೂ ಅವನ ಕಡೆಗೇ ಬೆರಳು ತೋರಿಸಿದರು. "ಕರ್ಕೊಂಡೋಗಿ, ನಮ್ಮ ಕಿವಿಗಾದ್ರೂ ಸ್ವಲ್ಪ ವಿಶ್ರಾಂತಿ ಸಿಗ್ಲಿ" ಎಂದವರು ಹಾಡಿಗೆ ಹಿರಿಯರಾದ ದೊಡ್ಡಪ್ಪ.

ಯಾತ್ರೆಗೆ ನಾಲ್ಕು ದಿನ. ಸೋಮವಾರ ದೋಣಿಯಲ್ಲಿ ಬಂದು, ಇಳಿಯುವ ಕಟ್ಟೆಯ ಬಳಿಯ ಗುಡಿಸಲುಗಳಲ್ಲಿ ತಂಗುವುದು. ಮಂಗಳವಾರ ಕಾಡಿನ ನಡಿಗೆ. ಬುಧವಾರ 'ವನವಾಸಿಗಳೊಂದಿಗೆ ಒಂದು ದಿನ'. ಗುರುವಾರ ವಾಪಸು. ಅತಿಥಿಗಳು ಬರುವ ಬುಧವಾರ ಹಾಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿ, ಸೋಲಾರ್ ದೀಪ, ಬಕೆಟ್ಟು ಎಲ್ಲ ಹಿಂದಿನ ಚಪ್ಪರಕ್ಕೆ ಹೋಗಬೇಕು, ಫೋಟೋ ಕೆಡುತ್ತದೆ ಎಂದು ಕಚೇರಿಯ ಮ್ಯಾನೇಜರಮ್ಮ ಹೇಳಿ ಕಳಿಸಿದ್ದರು.

"ನಮ್ಮ ನೀಲಿ ಬಕೆಟ್ಟು ಕಾಣ್ಬಾರ್ದು, ಅವರ ನೀಲಿ ರೇನ್‌ಕೋಟು ಕಾಣ್ಬಹುದೋ?" ಎಂದು ದೊಡ್ಡಪ್ಪ ಕೇಳಿದರು.

"ಅವರು ಫೋಟೋ ತೆಗೆಯೋರು ದೊಡ್ಡಪ್ಪಾ, ಫೋಟೋದಲ್ಲಿ ಇರೋದು ನಾವು."

"ಹಂಗಾದ್ರೆ ನನ್ನನ್ನೂ ಚಪ್ಪರಕ್ಕೆ ಹಾಕು. ಹಲ್ಲಿಲ್ಲದ ಮುಖ, ಫೋಟೋ ಕೆಡುತ್ತೆ."

ಅಕ್ಕನ ಗಂಡ ರಸ್ತೆ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಅವಳಿಗೊಬ್ಬಳು ಮಗಳು. ಬೆಳೆದ ಮೇಲೆ ಆ ಮಗಳು ಅತಿಥಿಗಳಿಗೆ ಅಡುಗೆ ಮಾಡುವ ಕೆಲಸ ಹಿಡಿದಳು. ಅಕ್ಕ ಮಾತ್ರ ಫೋಟೋಕ್ಕೂ ನಿಲ್ಲಲಿಲ್ಲ, ರಾಳವನ್ನೂ ಬಿಡಲಿಲ್ಲ. ಐವತ್ತರ ಹತ್ತಿರ ಬಂದಾಗ ಎಡ ಮೊಣಕಾಲು ಹಿಡಿಯತೊಡಗಿತು. ಸುತ್ತು ಬಿಟ್ಟುಬಿಡು ಎಂದು ತಮ್ಮ ಹೇಳಿದರೆ, "ಬಿದ್ರೆ ಬಡೀತೀನಿ, ನೀವೆಲ್ಲ ಏನಕ್ಕಿದ್ದೀರಿ?" ಎನ್ನುತ್ತಿದ್ದಳು. ಆ ಧೈರ್ಯದ ಮೇಲೆಯೇ ಅವಳು ಕಾಡಿಗೆ ಹೋಗುತ್ತಿದ್ದುದು.

ಕಂಪನಿಗಿದ್ದ ತಲೆನೋವು ಮಂಗಳವಾರ. ಕಾಡು ಎಂದರೆ ಹುಲಿ ಕರಡಿ ಸಾಲಾಗಿ ನಿಂತಿರುತ್ತವೆ ಎಂದುಕೊಂಡು ಬಂದವರಿಗೆ ಇಡೀ ದಿನ ಎಲೆ, ಕೆಸರು, ಜಿಗಣೆ. ಮ್ಯಾನೇಜರಮ್ಮ ಗಾಜಿನ ಮೇಜಿನ ಆಚೆ ಕೂತು ಕೇಳಿದರು: "ನೋಡಪ್ಪ, ಎರಡನೇ ದಿನ ಜನಕ್ಕೆ ಬೇಜಾರಾಗ್ತಿದೆ. ಅವರು ಕೈಯಾರೆ ಮಾಡೋ ಅಂಥದ್ದು ಏನಾದ್ರೂ ಇಲ್ವಾ ನಿಮ್ಮಲ್ಲಿ?"

ಇದೆ ಎಂದು ಅವನ ಬಾಯಿಗೆ ಬಂದಿದ್ದು ಯೋಚಿಸುವ ಮೊದಲೇ.

ಅಕ್ಕನನ್ನು ಕೇಳಿಕೊಂಡೇ ಶುರುಮಾಡಿದ. ಅವಳು ಒಲೆಯ ಮುಂದೆ ರಾಳದ ಉಂಡೆ ಕಟ್ಟುತ್ತಿದ್ದಳು.

"ಒಂದು ಪೆಟ್ಟು ಹೊಡ್ಕೊಳ್ಲಿ. ಇಲ್ಲಿದ್ದೀನಿ ಅಂತ ತಾನೆ? ಇದ್ದಾರಲ್ಲ. ಮಿಕ್ಕಿದ್ದು ಬೇಡ."

"ಮಿಕ್ಕಿದ್ದು ಯಾಕೆ ಹೇಳ್ಲಿ ಅಕ್ಕಾ, ನಾನೇನು ಪೆದ್ದನಾ?"

ಎರಡು ವರ್ಷ ಒಂದೇ ಪೆಟ್ಟಿನಲ್ಲಿ ಸಾಗಿತು. ಆಮೇಲೊಬ್ಬ ಅತಿಥಿ, ಗಡ್ಡದವನು, ಕ್ಯಾಮೆರಾ ಹಿಡಿದುಕೊಂಡೇ ಕೇಳಿದ: "ಕಾಡಲ್ಲಿ ಯಾರಾದ್ರೂ ಬಿದ್ರೆ ಏನ್ ಮಾಡ್ತೀರಿ? ಆಗೇನು ಬಡೀತೀರಿ?" ಸುತ್ತ ಹನ್ನೊಂದು ಜನ ಬೆವರು ಒರೆಸಿಕೊಳ್ಳುವುದನ್ನು ನಿಲ್ಲಿಸಿ ಅವನ ಬಾಯನ್ನೇ ನೋಡುತ್ತಿದ್ದರು. ಹಾಸ್ಟೆಲಿನಲ್ಲಿ ಕಾಡುಮನುಷ್ಯ ಎಂದು ಕರೆಸಿಕೊಂಡವನ ಬಾಯನ್ನು ಅಷ್ಟು ಓದಿದವರು, ಅಷ್ಟು ದೂರದಿಂದ ಬಂದವರು ಹಾಗೆ ನೋಡುವುದು ಎಂಥ ಸುಖವೆಂದು ಅವನಿಗೇ ಗೊತ್ತು. ಅವನು ಮೂರು-ಮೂರನ್ನು ತೋರಿಸಿದ. ಏಳನ್ನೂ ತೋರಿಸಿದ. ಯಾರೋ ಚಪ್ಪಾಳೆ ತಟ್ಟಿದರು.

ಆರು ತಿಂಗಳಿಗೆ ಕಂಪನಿ ಹೊಸ ಕರಪತ್ರ ಅಚ್ಚು ಹಾಕಿಸಿತು. ಅದರ ಮೇಲೆ ಕೋಲು ಎತ್ತಿದ ಅವನ ಫೋಟೋ, ಕೆಳಗೆ 'ಮರಗಳ ಸಂಭಾಷಣೆ' ಎಂಬ ತಲೆಬರಹ. ಎರಡು ತಂಡ ಒಂದೇ ಸಲ ಬಂದರೆ, ಮಂಗಳವಾರ ಹನ್ನೊಂದು ಗಂಟೆಗೆ ಎದುರು ಗುಡ್ಡದಿಂದ ಒಂದು ತಂಡ ಮೂರು-ಮೂರು ಬಡಿಯುತ್ತದೆ, ಈ ಕಡೆಯ ತಂಡ ಏಳು ಪೆಟ್ಟಿನ ಉತ್ತರ ಕೊಡುತ್ತದೆ. ಬುಧವಾರ ಆ ತಂಡ ಹೋಗುವುದು ಹೊಳೆಯಾಚೆಯ ಇನ್ನೊಂದು ಹಾಡಿಗೆ. ಅವನು ಕರಪತ್ರವನ್ನು ಹಾಡಿಗೆ ತಂದು ಎಲ್ಲರಿಗೂ ತೋರಿಸಿದ. ಅಕ್ಕನಿಗೆ ಅಕ್ಷರ ಬರುವುದಿಲ್ಲ. ಅವಳು ಫೋಟೋ ನೋಡಿ ನಕ್ಕಳು, ಬೆನ್ನು ತಟ್ಟಿದಳು. ಆಮೇಲೆ ಅವಳ ಬೆರಳು ಕೆಳಗಿನ ಕಪ್ಪು ಚುಕ್ಕಿಗಳ ಮೇಲೆ ಹೋಯಿತು. ಮೂರು ಚುಕ್ಕಿ. ಖಾಲಿ ಜಾಗ. ಮೂರು ಚುಕ್ಕಿ. ಅದರ ಕೆಳಗೆ ಏಳು.

ಹುಟ್ಟಿದಾಗಿನಿಂದ ಅವಳು ಕಾಗದದ ಮೇಲೆ ಓದಿದ್ದು ಅದೊಂದನ್ನೇ.

"ಇದು ನಮ್ದಲ್ವೇನೋ?"

"ಬರೀ ಆಟ ಅಕ್ಕಾ. ಅವರು ಬಡಿಯೋದು ಹೆಂಗಿರುತ್ತೆ ನೀನೇ ಕೇಳಿದ್ದೀಯಲ್ಲ, ಬಟ್ಟೆ ಒಗೆದ ಹಾಗೆ. ನಮ್ಮೋರು ಬಡಿದಿದ್ದು ಯಾವುದು, ಅವರು ಬಡಿದಿದ್ದು ಯಾವುದು ಅಂತ ಯಾರಿಗ್ ಗೊತ್ತಾಗಲ್ಲ?"

"ಈಗ ಗೊತ್ತಾಗುತ್ತೆ," ಎಂದಳು ಅಕ್ಕ. ಕಾಗದವನ್ನು ಮಡಚಿ ಅವನ ಜೇಬಿಗೇ ಇಟ್ಟಳು. ಮತ್ತೆ ಆ ಮಾತು ಎತ್ತಲಿಲ್ಲ. ತಮ್ಮನ ಮುಖ ಸಣ್ಣದಾಗುವುದನ್ನು ಅವಳು ಯಾವತ್ತೂ ಸಹಿಸಿದವಳಲ್ಲ.

ಮೊದಮೊದಲು ಹಾಡಿಯವರು ಮೂರು-ಮೂರು ಕೇಳಿದಾಗೆಲ್ಲ ಕೈಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಎರಡು ಸಲ ಗಂಡಸರು ಬುತ್ತಿ ಕಟ್ಟಿಕೊಂಡು ಓಡಿದ್ದೂ ಉಂಟು. ಹೋಗಿ ನೋಡಿದರೆ ಟೋಪಿ ಹಾಕಿಕೊಂಡವರು ಬೇರಿನ ಸುತ್ತ ನಿಂತು ನಗುತ್ತಿದ್ದರು. ಮೂರನೆಯ ಸಲದಿಂದ ಎದ್ದು ನಿಲ್ಲುವುದು ನಿಂತಿತು. ಆಮೇಲೆ ತಲೆ ಎತ್ತುವುದೂ ನಿಂತಿತು.

ಐದು ವರ್ಷದ ಹಿಂದಿನ ಆ ಸೋಮವಾರ ಎರಡು ತಂಡ ಬಂದಿದ್ದವು. ಒಂದು ಅವನದು. ಇನ್ನೊಂದು ಸೀಟಿಯದು. ಸೀಟಿ ಹಾಡಿಯವನೇ, ಹೊಸ ಗೈಡ್. ಕಂಪನಿ ಕೊಟ್ಟ ಸೀಟಿಯನ್ನು ಸ್ನಾನಕ್ಕೂ ಕುತ್ತಿಗೆಯಿಂದ ತೆಗೆಯುತ್ತಿರಲಿಲ್ಲವಾದ್ದರಿಂದ ಆ ಹೆಸರು. ಅತಿಥಿಗಳಿಗೆ ಕೋಲು ಕೊಡದೆ ತಾನೇ ಬಡಿಯುವ ಚಟ ಅವನಿಗೆ. ಅವನ ಪೆಟ್ಟು ಹಾಡಿಯವರ ಪೆಟ್ಟಿನಷ್ಟೇ ಸ್ವಚ್ಛ. ಅದೇ ಸೋಮವಾರ ಬೆಳಿಗ್ಗೆ ಅಕ್ಕ ಎದುರು ಗುಡ್ಡದ ಸುತ್ತಿಗೆ ಹೊರಟಿದ್ದಳು, ಬುಧವಾರ ಸಂಜೆಗೆ ಬರುತ್ತೇನೆ ಎಂದು.

ಮಂಗಳವಾರ ಹನ್ನೊಂದು ಗಂಟೆಗೆ ಅವನ ತಂಡ ದೊಡ್ಡ ಮರದ ಬುಡ ತಲುಪಿತು. ಎದುರು ಗುಡ್ಡದಿಂದ ಸದ್ದಿಲ್ಲ. ಹನ್ನೊಂದೂ ಕಾಲು, ಹನ್ನೊಂದೂವರೆ. ಅತಿಥಿಗಳು ನೀರು ಕುಡಿದರು, ಜಿಗಣೆ ಕಿತ್ತರು. "ಆ ಕಡೆಯೋರು ಇನ್ನೂ ಹಲ್ಲುಜ್ತಿರ್ಬೇಕು" ಎಂದು ಅವನು ನಗಿಸಿದ. ಹನ್ನೆರಡಕ್ಕೆ ಹದಿನೈದು ನಿಮಿಷವಿದೆ ಎನ್ನುವಾಗ ಬಂತು. ಮೂರು. ಬಿಡುವು. ಮೂರು.

"ಅಬ್ಬ, ಕೊನೆಗೂ ಎದ್ದ ನಮ್ಮ ಸೀಟಿ! ಯಾರು ಉತ್ತರ ಕೊಡ್ತೀರಿ?"

ನಿವೃತ್ತ ಶಿಕ್ಷಕಿಯೊಬ್ಬರು ಕೈ ಎತ್ತಿದರು. ಅರವತ್ತು ದಾಟಿದ, ಏನು ಮಾಡಿದರೂ ಸರಿಯಾಗಿ ಮಾಡಬೇಕೆನ್ನುವ ಹೆಂಗಸು. ಕೋಲು ತೆಗೆದುಕೊಂಡು, ಎಲ್ಲಿ ಹೊಡೆಯಬೇಕು, ಎಷ್ಟು ಜೋರಾಗಿ ಎಂದೆಲ್ಲ ಕೇಳಿ ತಿಳಿದುಕೊಂಡರು. ಮೊದಲ ಎರಡು ಪೆಟ್ಟು ಅವಸರವಾದವು.

"ಇಲ್ಲ ಮೇಡಂ, ಹಂಗಲ್ಲ. ಉಸಿರಿಗೊಂದು. ಉಸಿರು ಎಳೀರಿ, ಬಿಡ್ತಾ ಹೊಡೀರಿ." ಅವನು ಅವರ ಮಣಿಕಟ್ಟು ಹಿಡಿದುಕೊಂಡ. ತನ್ನ ಉಸಿರನ್ನು ಅವರಿಗೆ ಕೇಳುವಂತೆ ಎಳೆದುಕೊಂಡ. "ಈಗ ಮೊದಲಿಂದ."

ಏಳು ಪೆಟ್ಟುಗಳು ಒಂದರ ಹಿಂದೊಂದು, ಎಲ್ಲಿಯೂ ತಪ್ಪದೆ, ಗುಡ್ಡ ದಾಟಿ ಹೋದವು. ಅತಿಥಿಯೊಬ್ಬರು ಅಷ್ಟು ಚೆನ್ನಾಗಿ ಬಡಿದದ್ದು ಅದೇ ಮೊದಲು. ಆಚೆಯಿಂದ ಮತ್ತೆ ಸದ್ದು ಬರಲಿಲ್ಲ.

"ಈಗ್ಯಾಕೆ ಸುಮ್ಮನಾದ್ರು?" ಎಂದು ಶಿಕ್ಷಕಿ ಕೇಳಿದರು.

"ನೀವು ಬರ್ತೀನಿ ಅಂತ ಹೇಳಿದ್ರಲ್ಲ ಮೇಡಂ. ಕಾಯ್ತಿರ್ತಾರೆ."

ಎಲ್ಲರೂ ನಕ್ಕರು. ಊಟದ ಪೊಟ್ಟಣ ಬಿಚ್ಚಿದರು.

ಬುಧವಾರ ಕತ್ತಲಾದ ಮೇಲೆ ಹಾಡಿಯಲ್ಲಿ ಅಕ್ಕನ ಮಗಳು ಅತಿಥಿಗಳ ತಟ್ಟೆ ತೊಳೆಯುತ್ತ ಕೇಳಿದಳು: "ಮಾಮ, ನಿನ್ನೆ ಮೂರು-ಮೂರು ಕೇಳ್ಸಿತ್ತು. ನಿಮ್ಮೋರದ್ದೇನಾ?"

"ಸೀಟಿ ತಂಡದ್ದು. ನಾವೇ ಉತ್ತರ ಕೊಟ್ವಿ."

"ಉತ್ತರಾನೂ ಕೇಳ್ಸಿತು. ಅದು ಕೇಳಿದ್ಮೇಲೆ ಎಲ್ರೂ ಸುಮ್ಮನಾದ್ರು." ಅವಳು ತಟ್ಟೆ ಕವುಚಿದಳು. "ಅಮ್ಮ ಇನ್ನೂ ಬಂದಿಲ್ಲ."

"ಬರ್ತಾಳೆ ಬಿಡು. ರಾಳ ಜಾಸ್ತಿ ಸಿಕ್ಕಿರ್ಬೇಕು. ಬುಟ್ಟಿ ತುಂಬದೆ ಬರೋಳಾ ನಿಮ್ಮಮ್ಮ?"

ಗುರುವಾರ ಮಧ್ಯಾಹ್ನ ಅವನು ತಂಡವನ್ನು ದೋಣಿ ಕಟ್ಟೆಗೆ ಇಳಿಸಿದ. ಸೀಟಿಯ ತಂಡ ಆಗಲೇ ಅಲ್ಲಿತ್ತು, ಕಟ್ಟೆಯ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದರು.

"ಏನಪ್ಪಾ, ಮಂಗಳವಾರ ಮುಕ್ಕಾಲು ಗಂಟೆ ಕಾಯಿಸಿದ್ಯಲ್ಲ, ಗಡಿಯಾರ ಹೊಳೆಗೆ ಬಿತ್ತಾ?"

ಸೀಟಿ ಮುಖ ಎತ್ತಿದ. "ಯಾವ ಮಂಗಳವಾರ ಅಣ್ಣಾ? ನಾವು ಮೇಲೆ ಬರ್ಲೇ ಇಲ್ವಲ್ಲ. ಬೆಳಿಗ್ಗೆನೇ ಒಬ್ಬರಿಗೆ ಹೊಟ್ಟೆ ಕೈಕೊಡ್ತು, ವಾಂತಿ, ನಿಲ್ಲಕ್ಕೇ ಆಗ್ತಿರ್ಲಿಲ್ಲ. ಎಲ್ಲರನ್ನೂ ವಾಪಸ್ ಇಳಿಸ್ದೆ. ಮಧ್ಯಾಹ್ನದ ದೋಣಿಲಿ ಅವರನ್ನ ಆಸ್ಪತ್ರೆಗೆ ಕಳಿಸಿ ಇಲ್ಲೇ ಇದ್ವಿ, ಮೂರು ದಿನದಿಂದ ಇಸ್ಪೀಟು."

ಅವನು ಮತ್ತೆ ಕೇಳಿದ. ಸೀಟಿ ಮತ್ತೆ ಅದನ್ನೇ ಹೇಳಿದ.

"ಹಂಗಾದ್ರೆ ಬಡಿದಿದ್ದು ಯಾರು?"

ಕೇಳುತ್ತ ಕೇಳುತ್ತಲೇ ಅವನಿಗೆ ಉತ್ತರ ಗೊತ್ತಾಗಿತ್ತು. ಬೆನ್ನಿನ ಚೀಲವನ್ನು ಕಟ್ಟೆಯ ಮೇಲೆ ಎಸೆದು, ಅತಿಥಿಗಳ ಕಡೆ ತಿರುಗಿಯೂ ನೋಡದೆ ಕಾಡಿಗೆ ಓಡಿದ. ನಿವೃತ್ತ ಶಿಕ್ಷಕಿ ಕೃತಜ್ಞತೆ ಹೇಳಲೆಂದು ಕೈ ಚಾಚಿ ನಿಂತಿದ್ದವರು ಹಾಗೆಯೇ ನಿಂತರು.

ಅರ್ಧ ದಿನದ ದಾರಿಯನ್ನು ಎರಡೂವರೆ ಗಂಟೆಯಲ್ಲಿ ಓಡಿ ಹಾಡಿಗೆ ಬಂದವನು, ಮಂಗಳವಾರದ ಮೂರು-ಮೂರು ಅಕ್ಕನದು ಎಂದು ಕೂಗಿದ. ಹದಿನಾಲ್ಕು ಜನ ಹೊರಟರು. ಬೆಳಕು ಇರುವವರೆಗೆ ಹುಡುಕಿದರು. ಎರಡೆರಡು ಪೆಟ್ಟು ಬಡಿಯುತ್ತ ಹೋದರು: ನೀನೆಲ್ಲಿದ್ದೀಯ? ಉತ್ತರ ಬರಲಿಲ್ಲ. ಶುಕ್ರವಾರ ಹತ್ತು ಗಂಟೆಯ ಸುಮಾರಿಗೆ, ಎದುರು ಗುಡ್ಡದ ಇಳಿಜಾರಿನಲ್ಲಿ ಅವಳು ಸಿಕ್ಕಿದಳು.

ಒಣಕೊಂಬೆಯೊಂದು ಬಿದ್ದು ಎಡಗಾಲು ಮೊಣಕಾಲಿನ ಕೆಳಗೆ ಮುರಿದಿತ್ತು. ಸೀರೆಯ ಅಂಚು ಹರಿದು, ಎರಡು ಕಡ್ಡಿ ಇಟ್ಟು, ತಾನೇ ಬಿಗಿಯಾಗಿ ಕಟ್ಟಿಕೊಂಡಿದ್ದಳು. ಅದರ ಕೆಳಗೆ ರಕ್ತ ಹರಿದು ನೆಲ ಕಪ್ಪಾಗಿತ್ತು. ಬೇರಿಗೆ ಒರಗಿ ಕೂತ ಹಾಗೆಯೇ ಇದ್ದಳು. ಮಳೆನೀರು ಹಿಡಿಯಲು ಅಗಲದ ಎಲೆಯೊಂದನ್ನು ಮಡಚಿ ಪಕ್ಕಕ್ಕೆ ಇಟ್ಟುಕೊಂಡಿದ್ದಳು. ರಾಳದ ಬುಟ್ಟಿಯ ಬಾಯನ್ನು ಬಳ್ಳಿಯಿಂದ ಕಟ್ಟಿ, ಹೊರುವ ಪಟ್ಟಿಯನ್ನು ಮೇಲಕ್ಕೆ ತಿರುಗಿಸಿ ಇಟ್ಟಿದ್ದಳು, ಬಂದವರು ಎತ್ತಿಕೊಳ್ಳಲು ಅನುಕೂಲವಾಗುವಂತೆ.

ಬೇರಿನ ಮೇಲೆ ಕೊಡಲಿಯ ಹಿಂಬದಿಯ ಗುರುತುಗಳಿದ್ದವು. ಅವನು ಎಣಿಸಿದ. ಆರು. ಅದಕ್ಕಿಂತ ಒಂದೂ ಹೆಚ್ಚಿರಲಿಲ್ಲ.

ಅಲ್ಲಿಂದ ಹೊಳೆಯ ದಡಕ್ಕೆ ಇಳಿಜಾರು. ತೆವಳಿದರೂ ಒಂದು ಗಂಟೆಯ ದಾರಿ. ದಿನಕ್ಕೆರಡು ಸಲ ದೋಣಿ ಆ ದಡದ ಪಕ್ಕದಲ್ಲೇ ಹೋಗುತ್ತದೆ. ಮಂಗಳವಾರ ಮಧ್ಯಾಹ್ನ ಹೊಟ್ಟೆ ಕೆಟ್ಟ ಅತಿಥಿಯನ್ನು ಕರೆದೊಯ್ದ ದೋಣಿಯ ಮೋಟಾರು ಸದ್ದು ಅವಳಿಗೆ ಕೇಳಿಸಿರಲೇಬೇಕು. ಅವಳು ಜಾಗ ಬಿಟ್ಟಿರಲಿಲ್ಲ. ಏಳು ಪೆಟ್ಟು ಕೇಳಿದ್ದಳು.

ಶನಿವಾರ ಬೆಳಿಗ್ಗೆ ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ದೊಡ್ಡಪ್ಪನ ಜಗಲಿಯಲ್ಲಿ ಕೂತರು. ನೀಲಿ ಬಕೆಟ್ಟಿನಲ್ಲಿ ಕೈಕಾಲು ತೊಳೆಯಲು ನೀರಿತ್ತು. ಸೀಟಿ ಕುತ್ತಿಗೆಯಿಂದ ಸೀಟಿ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ.

"ಮೂರು-ಮೂರನ್ನು ನಾವೂ ಕೇಳಿದ್ವಿ," ಎಂದರು ದೊಡ್ಡಪ್ಪ. "ಯಾರೂ ಏಳ್ಲಿಲ್ಲ. ಆ ಪಾಪ ಎಲ್ಲರದ್ದು. ಆದ್ರೆ ಉತ್ತರ ಹೋಯ್ತಲ್ಲ. ಅದನ್ನ ಕೊಟ್ಟಿದ್ದು ಯಾರು?"

"ಅತಿಥಿಗಳಿರ್ಬೇಕು," ಎಂದಿತು ಯಾವುದೋ ದನಿ. "ಆಟಕ್ಕೆ ಬಡಿದಿರ್ತಾರೆ."

ಅಕ್ಕನ ಮಗಳು ಕಂಬಕ್ಕೆ ಒರಗಿದ್ದವಳು ಎದ್ದು ನಿಂತಳು. "ಅತಿಥಿಗಳು ಬಡಿದಿದ್ರೆ ನಮ್ಮಮ್ಮ ನಂಬ್ತಿರ್ಲಿಲ್ಲ. ನಾನೂ ಕೇಳಿದೀನಿ. ಅದು ನಮ್ಮೋರ ಪೆಟ್ಟು." ಅವಳು ಅವನ ಕಡೆ ತಿರುಗಿದಳು. "ಮಾಮ, ನೀನೇ ಹೇಳು. ಯಾರು ಬಡಿದಿದ್ದು?"

ಅತಿಥಿಯೊಬ್ಬರು ಬಡಿದರು ಎಂದಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ. ಜಗಲಿಯ ಮೇಲಿದ್ದವರಲ್ಲಿ ಅರ್ಧ ಜನ ಅದನ್ನೇ ಕೇಳಲು ಕಾದಿದ್ದರು.

"ಕೋಲು ಒಬ್ಬ ಮೇಡಂ ಕೈಲಿತ್ತು," ಎಂದ ಅವನು. "ಅವರಿಗೆ ಸರಿಯಾಗಿ ಬರ್ಲಿಲ್ಲ. ನಾನು ಅವರ ಕೈ ಹಿಡ್ಕೊಂಡು ಸರಿ ಮಾಡ್ದೆ. ಉಸಿರು ನಂದು. ಅಕ್ಕ ಕಲಿಸಿದ್ದ ಹಾಗೇ ಹೊಡೆಸ್ದೆ."

ಯಾರೂ ಬಯ್ಯಲಿಲ್ಲ. ಒಬ್ಬಳು ಅಜ್ಜಿ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಕ್ಕನ ಮಗಳು ಅವನ ಹತ್ತಿರ ಬಂದು, ಬೂಟಿನಿಂದ ಮುಖದವರೆಗೆ ಒಮ್ಮೆ ನೋಡಿದಳು.

"ಬುಧವಾರ ನಾನು ಕೇಳ್ದಾಗ ರಾಳ ಜಾಸ್ತಿ ಸಿಕ್ಕಿರ್ಬೇಕು ಅಂದೆ. ಆಗ ಅಮ್ಮ ಬದುಕಿದ್ಲೇನೋ ಮಾಮ."

"ಬದುಕಿರ್ಬಹುದು."

ಆ ಎರಡು ಮಾತಿನ ನಂತರ ಅವಳು ಅವನೊಂದಿಗೆ ಮಾತಾಡಿಲ್ಲ.

ಕೊನೆಗೆ ದೊಡ್ಡಪ್ಪ ಹೇಳಿದರು. ಅವನನ್ನು ಯಾರೂ ಹಾಡಿಯಿಂದ ಓಡಿಸುವುದಿಲ್ಲ, ಅವನ ಮನೆ ಅವನದೇ. ಆದರೆ ಮೂರು-ಮೂರೂ ಏಳೂ ಇನ್ನು ಹಾಡಿಗೆ ಬೇಡ, ಅವು ಕಾಗದಕ್ಕೆ ಹೋದವು. ಬೇರೆ ಪೆಟ್ಟು ಕಟ್ಟಿಕೊಳ್ಳುತ್ತೇವೆ. "ಅದನ್ನ ನಿನಗೆ ಹೇಳ್ಕೊಡಲ್ಲ ಮಗಾ. ಹೇಳ್ಕೊಡಕ್ಕೆ ಯಾರಿಗೂ ಧೈರ್ಯ ಇಲ್ಲ. ನೀನು ಹಳೇದು ಬಡಿದ್ರೂ ಯಾರೂ ಉತ್ತರ ಕೊಡಲ್ಲ. ಅದು ಆಟದ್ದು ಅಂತ ಎಲ್ಲರಿಗೂ ಗೊತ್ತು."

ಸೀಟಿ ಅಲ್ಲಿಯೇ ಕಂಪನಿ ಬಿಟ್ಟ. ಅಕ್ಕನ ಮಗಳು ಅಡುಗೆ ಕೆಲಸ ಬಿಟ್ಟು ತಾಯಿಯ ಸುತ್ತು ಹಿಡಿದಳು.

ಅವನು ಗೈಡ್ ಕೆಲಸದಲ್ಲೇ ಉಳಿಯಲು ಒಂದು ತಿಂಗಳು ಪ್ರಯತ್ನಪಟ್ಟ. ಚಿಕ್ಕಂದಿನಿಂದ ನಡೆದ ದಾರಿಗಳೇ. ಆದರೆ ಹಾಡಿಯ ಒಬ್ಬೊಬ್ಬರೂ ಕಾಡಿನಲ್ಲಿ ಒಬ್ಬಂಟಿಯಾಗಿ ನಡೆಯುವುದು, ಬಿದ್ದು ಬಡಿದರೆ ಯಾರಾದರೂ ಏಳು ಹೇಳುತ್ತಾರೆಂಬ ಒಂದೇ ನಂಬಿಕೆಯ ಮೇಲೆ. ಅದು ಹೋದ ಮೇಲೆ ಅವನಿಗೆ ಪ್ರತಿ ಹಳ್ಳ, ಪ್ರತಿ ಒಣಕೊಂಬೆ ಕಂಡರೂ ಭಯವಾಗತೊಡಗಿತು. ಹೊಸ ಸದ್ದುಗಳು ಮರಗಳ ಸಂದಿನಿಂದ ಬರುತ್ತಿದ್ದವು, ಅರ್ಥವಾಗುತ್ತಿರಲಿಲ್ಲ. ಒಂದು ದಿನ ತಂಡದ ಮುಂದೆ ನಡೆಯುತ್ತಿದ್ದವನು ದಾರಿಯ ಮಧ್ಯೆ ಕೂತುಬಿಟ್ಟ. ಮ್ಯಾನೇಜರಮ್ಮ ಒಳ್ಳೆಯವರೇ. ವಿಷಯವೆಲ್ಲ ಕೇಳಿ ಕಣ್ಣೊರೆಸಿಕೊಂಡು, ಹಿಂದಿನ ಕೋಣೆಯ ಕೆಲಸ ಕೊಟ್ಟರು. ಕರಪತ್ರ ಇನ್ನೂ ಎರಡು ಸಾವಿರ ಉಳಿದಿತ್ತು, ಹಾಗಾಗಿ ಅದು ಬದಲಾಗಲಿಲ್ಲ. ಗೋಡೆಯ ಫೋಟೋವನ್ನೂ ತೆಗೆಯಲಿಲ್ಲ. ಅವನೂ ತೆಗೆಯಿರಿ ಎನ್ನಲಿಲ್ಲ.

ಮರಗಳ ಸಂಭಾಷಣೆ ಈಗಲೂ ನಡೆಯುತ್ತದೆ. ಬೇರೆ ಊರಿನಿಂದ ಬಂದ ಗೈಡ್‌ಗಳು ಅದನ್ನು ಕರಪತ್ರ ನೋಡಿ ಕಲಿತಿದ್ದಾರೆ.

ಕಳೆದ ಮಳೆಗಾಲದ ಮೊದಲು ಒಂದು ತಂಡಕ್ಕೆ ಬೂಟಿನ ಅಳತೆ ತಪ್ಪಿಹೋಗಿ, ಅವನೇ ದೋಣಿಯಲ್ಲಿ ಆರು ಜೊತೆ ಹೊತ್ತು ಕಟ್ಟೆಯವರೆಗೆ ಹೋಗಬೇಕಾಯಿತು. ಹಿಂದಿನ ಕೋಣೆ ಸೇರಿದ ಮೇಲೆ ಅಷ್ಟು ದೂರ ಹೋದದ್ದು ಅದೇ ಮೊದಲು. ಅತಿಥಿಯೊಬ್ಬಳು, ಇಪ್ಪತ್ತೈದರ ಹುಡುಗಿ, ಕಟ್ಟೆಯ ಮೇಲೆ ಕೂತು ಬೂಟು ಎಳೆದುಕೊಳ್ಳುತ್ತಿದ್ದಳು. ಆಗ ಗುಡ್ಡದ ಕಡೆಯಿಂದ ಸದ್ದು ಬಂತು. ಐದು ಪೆಟ್ಟು, ಬಿಡುವು, ಎರಡು. ಸ್ವಲ್ಪ ಹೊತ್ತಿನ ಮೇಲೆ ಇನ್ನೂ ದೂರದಿಂದ ನಾಲ್ಕು. ಮೊದಲಿನದು ಅಕ್ಕನ ಸುತ್ತಿನ ಕಡೆಯಿಂದ ಬಂದಿತ್ತು. ಅಲ್ಲಿ ನಡೆಯುವವಳು ಈಗ ಒಬ್ಬಳೇ.

ಅವನು ಕೈಯಲ್ಲಿದ್ದ ಬೂಟನ್ನು ಕೆಳಗಿಟ್ಟ. ಕಷ್ಟದಲ್ಲಿದ್ದಾಳೋ, ಇಲ್ಲಿದ್ದೇನೆ ಎನ್ನುತ್ತಿದ್ದಾಳೋ, ಬುಟ್ಟಿ ತುಂಬಿತು ಎನ್ನುತ್ತಿದ್ದಾಳೋ.

"ಅದೇನು ಹೇಳ್ತಿದೆ?" ಹುಡುಗಿ ಕರಪತ್ರ ಬಿಚ್ಚಿ ಚುಕ್ಕಿಗಳನ್ನು ಹುಡುಕುತ್ತಿದ್ದಳು. "ಇದ್ರಲ್ಲಿ ಐದು-ಎರಡು ಇಲ್ವಲ್ಲ."

"ಗೊತ್ತಿಲ್ಲ."

"ನೀವು ಇಲ್ಲಿಯೋರೇ ಅಲ್ವಾ?"

ಅವನು ಗುಡ್ಡದ ಕಡೆ ನೋಡುತ್ತಿದ್ದ. ಮತ್ತೆ ಸದ್ದು ಬರಲಿಲ್ಲ. ದೋಣಿಯವನು ಹೊರಡುವ ಸಮಯವಾಯಿತೆಂದು ಕೂಗಿದ. ಎರಡನೆಯ ಸಲ ಕೂಗಿದಾಗಲೂ ಅವನು ಕದಲಲಿಲ್ಲ.

"ನಿಮಗೆ ಬೂಟು ಸಡಿಲ ಇದೆ," ಎಂದ ಕೊನೆಗೆ, ಹುಡುಗಿಯ ಕಾಲು ನೋಡಿ. "ಬಿಚ್ಚಿ ಕೊಡಿ. ಆರನೇ ನಂಬರು ಕೊಡ್ತೀನಿ."